ದೃಷ್ಟಿ ಚಪ್ಪಡಿ

ಟ್ಯಾಂಕರ್ ತನ್ನ ಹೊಟ್ಟೆಯ ನೀರನ್ನೆಲ್ಲ ಒಮ್ಮೆಲೇ ರಸ್ತೆಗೆ ಸುರಿಯಿತು. ನೀರು ಹರಿಯಲಿಲ್ಲ, ಬಿದ್ದಲ್ಲೇ ಮಾಯವಾಯಿತು. ಕುಂಬಾರ ಓಣಿಯ ಜನ ಚಪ್ಪಾಳೆ ತಟ್ಟಿದರು. ಟ್ಯಾಂಕರ್ ಮಗುಚಿ ಬಿದ್ದಿದ್ದರೂ ತಟ್ಟುತ್ತಿದ್ದರು ಎಂದು ಪಾಲಿಕೆಯ ವಿಜ್ಞಾನಿ ವಿಕ್ರಾಂತ ನಾಡಗೇರ ಮನಸ್ಸಿನಲ್ಲೇ ಅಂದುಕೊಂಡ.

ಆ ರಸ್ತೆಗೆ ಹಾಸಿದ್ದ ಅವನ ಆವಿಷ್ಕಾರದ ಹೆಸರು ಹೀರುಹಾಸು. ಸಾಮಾನ್ಯ ಕಾಂಕ್ರೀಟಿನಲ್ಲಿ ಜಲ್ಲಿಗಳ ನಡುವಿನ ಸಂದುಗಳನ್ನು ಮರಳು ತುಂಬುತ್ತದೆ. ಹೀರುಹಾಸಿನಲ್ಲಿ ಮರಳಿಲ್ಲ. ಒಂದು ಜೀವಂತ ಅಂಟು ಜಲ್ಲಿಗಳನ್ನು ಹಿಡಿದಿಟ್ಟು, ಸಂದುಗಳಿಗೆ ಸೇರಿದ ಧೂಳನ್ನು ತಾನೇ ತಿಂದುಹಾಕುತ್ತದೆ. ಮಳೆನೀರು ಕೆಳಗಿನ ತೊಟ್ಟಿಗೆ ಇಳಿದು, ಅಲ್ಲಿ ಸೋಸಿಕೊಂಡು, ಅದೇ ಓಣಿಯ ನಳಗಳಿಗೆ ಏರುತ್ತದೆ.

ಓಣಿ ಇಳಿಜಾರಿನದು. ತಗ್ಗಿನ ತುದಿಯಲ್ಲಿ ಚಂಪವ್ವನ ಹಿಟ್ಟಿನ ಗಿರಣಿ. ಪ್ರತಿ ಮಳೆಗಾಲದಲ್ಲೂ ಮೇಲಿನ ನೀರೆಲ್ಲ ಅಲ್ಲಿಗೆ ನುಗ್ಗಿ ಮೋಟಾರು ಸುಡುತ್ತಿತ್ತು. ಇನ್ನೊಮ್ಮೆ ಸುಟ್ಟರೆ ಅವಳು ಗಿರಣಿ ಮುಚ್ಚಬೇಕಿತ್ತು. ಮೇಲಿನ ಮನೆಗಳವರು ಬಂದು ಮರುಗಿ, ಮೋಟಾರು ಎತ್ತಿಕೊಟ್ಟು, ಹಗುರಾದ ಮನಸ್ಸಿನಿಂದ ಮನೆಗೆ ಹೋಗುತ್ತಿದ್ದರು.

ಈ ವರ್ಷದ ಮೊದಲ ದೊಡ್ಡ ಮಳೆಗೆ ಗಿರಣಿಯ ಹೊಸ್ತಿಲೂ ನೆನೆಯಲಿಲ್ಲ. ಮರುಗಲು ಬಂದವರಿಗೆ ಕೆಲಸವಿರಲಿಲ್ಲ.

“ಗಿರಣಿ ಭಾಳ ಚಲೋ ನಡದೈತಿ ಬಿಡವಾ,” ಎಂದ ಮೇಲಿನ ಮನೆಯ ಈರಬಸಪ್ಪ.

ಅಷ್ಟು ಸಾಕಾಯಿತು. ಸಂಜೆ ಚಂಪವ್ವ ಅರಿಶಿನ, ಸುಣ್ಣ ಕದಡಿ ಕೆಂಪು ನೀರು ಮಾಡಿ, ಮೋಟಾರಿಗೆ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಚೆಲ್ಲಿದಳು. ಆ ನೀರನ್ನು ಹಾದಿಹೋಕರು ತುಳಿದರೆ ದೃಷ್ಟಿ ಅವರ ಕಾಲಿನ ಜೊತೆ ಹೊರಟುಹೋಗುತ್ತದೆ. ಆದರೆ ರಸ್ತೆ ಅದನ್ನು ಕಲೆಯೂ ಉಳಿಯದಂತೆ ಕುಡಿದುಬಿಟ್ಟಿತು.

ಮರುದಿನ ಓಣಿಗೆ ಓಣಿಯೇ ನಾಡಗೇರನ ಕಚೇರಿಯಲ್ಲಿತ್ತು.

“ಸಾಹೇಬ್ರ, ಈಕಿ ದೃಷ್ಟಿ ತಗದ ನೀರು ನಮ್ಮ ನಳದಾಗ ಬರಾಕತ್ತೈತ್ರಿ,” ಎಂದ ಈರಬಸಪ್ಪ.

“ತೊಟ್ಯಾಗ ಸೋಸ್ತದ. ಒಂದು ಕ್ರಿಮಿನೂ ಉಳಿಯೂದಿಲ್ಲ.”

“ಕ್ರಿಮಿ ಬಿಡ್ರಿ. ದೃಷ್ಟಿ ಸೋಸತೈತೇನು?”

ನಾಡಗೇರ ನಕ್ಕ. ಬೇರೆ ಯಾರೂ ನಗಲಿಲ್ಲ.

“ಆ ನೀರು ಇಂಗದಂಗ ಮಾಡ್ರಿ. ಇಲ್ಲಂದ್ರ ನಾವಾ ಸಿಮೆಂಟ್ ಹಾಕಿ ರಸ್ತಾ ಮುಚ್ಚತೇವಿ,” ಎಂದ ಈರಬಸಪ್ಪ.

“ಮುಚ್ಚರಿ!” ಚಂಪವ್ವ ಹಿಂದಿನಿಂದ ಕೂಗಿದಳು. “ನನ್ನ ಗಿರಣಿ ಮುಳುಗಿದ್ರ ನಿಮ್ಮ ಹೊಟ್ಟಿ ತಣ್ಣಗಾಗತೈತಿ.”

ಇಂಥವರಿಗೆ ವಿವರಿಸುವುದು ತನ್ನ ಘನತೆಗೆ ಕಡಿಮೆಯೆಂದು ನಾಡಗೇರ ಭಾವಿಸಿದ. ನೀರು ಇಂಗದ ನುಣುಪು ಕಲ್ಲೊಂದನ್ನು ಆ ಕೂಡುದಾರಿಯಲ್ಲಿ ಹಾಕಿಸಿ, ಕಡತದಲ್ಲಿ ‘ದೃಷ್ಟಿ ಚಪ್ಪಡಿ’ ಎಂದು ಬರೆದ. ಅವನ ಮಟ್ಟಿಗೆ ಅದು ಹಾಸ್ಯ. ಕಚೇರಿಗಳಿಗೆ ಹಾಸ್ಯ ತಿಳಿಯುವುದಿಲ್ಲ, ಅದು ಯೋಜನೆಯಾಯಿತು. ವಾರ್ಡಿನ ಸದಸ್ಯ ಪ್ರತಿ ಮನೆಯ ಮುಂದಿನ ರಸ್ತೆಗೂ ಒಂದು ಚಪ್ಪಡಿ ಉಚಿತವೆಂದು ಸಾರಿ, ಎಲ್ಲದರ ಮೇಲೂ ತನ್ನ ಹೆಸರು ಕೆತ್ತಿಸಿದ. ಬೇರೆಯವರ ದೃಷ್ಟಿನೀರು ತನ್ನ ಕಡೆ ಹರಿಯದಿರಲೆಂದು ಈರಬಸಪ್ಪ ತನ್ನದನ್ನು ನಾಲ್ಕು ಬೆರಳು ಎತ್ತರಿಸಿದ. ಪಕ್ಕದವನು ಒಂದು ಗೇಣು. ಅದರಾಚೆಯವನು ಓಣಿಗೆ ಅಡ್ಡಲಾಗಿ ಕಟ್ಟೆಯನ್ನೇ ಕಟ್ಟಿಸಿದ. ಚಂಪವ್ವನೂ ಬಿಡಲಿಲ್ಲ, ಎಲ್ಲರಿಗಿಂತ ಅಗಲದ್ದು ಬೇಕೆಂದಳು. ಹೀರುಹಾಸು ಕಾಣದಾಗುವುದನ್ನು ನಾಡಗೇರ ನೋಡಿಯೂ ಸುಮ್ಮನಿದ್ದ. ಅನುಭವಿಸಲಿ ಎಂಬುದೇ ಆಗ ಅವನ ವಿಜ್ಞಾನವಾಗಿತ್ತು.

ಮುಂದಿನ ಮಳೆಯ ನೀರು ಇಂಗಲೂ ಆಗದೆ, ಇಳಿಯಲೂ ಆಗದೆ ಚಪ್ಪಡಿಗಳ ನಡುವೆ ತುಂಬಿ, ಹಿಂದೆಂದೂ ನೆನೆಯದ ಮನೆಗಳಿಗೂ ನುಗ್ಗಿತು. ಈರಬಸಪ್ಪನ ಮಂಚ ತೇಲಿತು. ಕಟ್ಟೆ ಮೀರಿ ಉಕ್ಕಿದ ನೀರು ತಗ್ಗಿನ ಗಿರಣಿಯಲ್ಲಿ ಸೊಂಟದವರೆಗೆ ನಿಂತಿತು. ಮೋಟಾರು ಸುಟ್ಟಿತು.

ನಾಡಗೇರ ಪ್ಯಾಂಟು ಮಡಚಿಕೊಂಡು ಬಂದ. “ನಾಳೆನೇ ಎಲ್ಲಾ ಚಪ್ಪಡಿ ಕೀಳಸ್ತೀನಿ.”

ಚಂಪವ್ವ ನೆನೆದ ಹಿಟ್ಟನ್ನು ಬೊಗಸೆಯಲ್ಲಿ ಎತ್ತಿ ಹೊರಗೆ ಎಸೆಯುತ್ತಿದ್ದಳು. “ಬ್ಯಾಡ್ರಿ. ಇರಲಿ.”

“ಗಿರಣಿ ಹೋತಲ್ಲ?”

“ನಂದೊಂದ ಹೋಗಿಲ್ರಿ, ಎಲ್ಲಾರದೂ ಹೋಗೇತಿ. ಮುಂಜಾನಿ ಈರಬಸಪ್ಪ ತಾನಾ ಬಂದು ಮೋಟಾರ ಎತ್ತಿದಾ, ಚಾ ಕುಡದು ಹೋದಾ. ನಿಮ್ಮ ರಸ್ತಾ ನನ್ನ ಗಿರಣಿ ಉಳಿಸಿದ ಮ್ಯಾಲೆ ಒಬ್ಬರೂ ನನ್ನ ಹೊಸ್ತಿಲಾ ತುಳದಿದ್ದಿಲ್ಲ.”

ಆ ಮಳೆಗಾಲ ಮುಗಿಯುವವರೆಗೆ ಕುಂಬಾರ ಓಣಿಯಿಂದ ರಸ್ತೆಯ ಬಗ್ಗೆ ಒಂದೂ ದೂರು ಬರಲಿಲ್ಲ. ಸಂತುಷ್ಟವಾದ ಪಾಲಿಕೆ ಊರಿನ ಉಳಿದ ಓಣಿಗಳಿಗೂ ಹೀರುಹಾಸು ಮಂಜೂರು ಮಾಡಿತು, ಚಪ್ಪಡಿಗಳ ಸಮೇತ.