ಸಾನ್ ತೆಲ್ಮೊ ಇಳಿಜಾರಿನ ಹೊಗೆ

ಕಚಿತಾ ಬಾಲ್ಕನಿಗೆ ಓಡಿಬಂದದ್ದು ಮೇಷ್ಟ್ರಿಗಾಗಿ ಅಲ್ಲ, ತನ್ನ ಬಿಳಿ ದುಪ್ಪಟಿಗಾಗಿ.

ಮಧ್ಯಾಹ್ನದ ಹೊತ್ತು. ಸಾಂತಿಯಾಗೊದ ಸಾನ್ ತೆಲ್ಮೊ ಇಳಿಜಾರು ಊಟ ಮುಗಿಸಿ ತೂಕಡಿಸುತ್ತಿತ್ತು. ಕರೆಂಟು ಹೋಗಿತ್ತು. ಫ್ಯಾನೂ ಇಲ್ಲ, ರೇಡಿಯೋನೂ ಇಲ್ಲ. ಇದ್ದಕ್ಕಿದ್ದಂತೆ ಕೆಳಗೆ 'ಢಂ' ಅಂತ ಸದ್ದಾಯಿತು. ಮರುಕ್ಷಣ ಬಾಲ್ಕನಿಯ ತುಂಬ ಕರಿಹೊಗೆ. ಆಗಷ್ಟೇ ಒಗೆದು ಹರವಿದ ದುಪ್ಪಟಿ ಮಸಿಬಟ್ಟೆಯಾಗಿತ್ತು. ಕಚಿತಾ ಬಗ್ಗಿ, ಹೊಗೆ ಬಿಟ್ಟವನ ವಂಶವನ್ನೆಲ್ಲ ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಹೊಗೆ ತಿಳಿಯಾಯಿತು. ಕಲ್ಲುಹಾಸಿನ ಮೇಲೆ ಎವೆಲಿಯೊ ಮೇಷ್ಟ್ರು ಬಿದ್ದಿದ್ದರು.

ನಮ್ಮ ಊರಿನ ಜಾತ್ರೆ ಕುಣಿತಕ್ಕೆ ಚೀನೀ ಕೊಂಬು ಊದುವವರಲ್ಲಿ ಎವೆಲಿಯೊ ಮೇಷ್ಟ್ರಂಥವರು ಇನ್ನೊಬ್ಬರಿಲ್ಲ. ವಯಸ್ಸಾಗಿದೆ, ಕಣ್ಣು ಪೂರಾ ಮಂಜು. ಕಿವಿ ಮಾತ್ರ ಬೆಕ್ಕಿನದು. ಆ ಕಿವಿಯ ಭರವಸೆಯ ಮೇಲೇ ಅವರು ದಿನಾ ರಸ್ತೆ ದಾಟುತ್ತಿದ್ದರು.

ನಾನು ಪೊಲೀಸ್ ಸಾರ್ಜೆಂಟ್ ಕೂಕೊ. ಹೊಟ್ಟೆ ಸ್ವಲ್ಪ ಮುಂದಿದೆ, ಬುದ್ಧಿ ಹಿಂದಿಲ್ಲ. ಲೆಫ್ಟಿನೆಂಟ್ ಒದಾಲಿಸ್ ಮೇಡಂ ಜೊತೆ ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಪ್ರಜ್ಞೆ ತಪ್ಪಿದ್ದ ಮೇಷ್ಟ್ರನ್ನು ಆಸ್ಪತ್ರೆಗೆ ಸಾಗಿಸಿದ್ದರು. ಕೊಂಬು ಎರಡು ತುಂಡಾಗಿ ಚರಂಡಿ ಪಕ್ಕ ಬಿದ್ದಿತ್ತು. ಊದುವಾಗ ತುಟಿಗೆ ಆನಿಸುವ ಹಿತ್ತಾಳೆ ಬಿಲ್ಲೆ ಮಾತ್ರ ಇರಲಿಲ್ಲ. ಚರಂಡಿಗೆ ಕೈ ಹಾಕಿ ತಡಕಾಡಿದವನು ಯಾರು? ನಾನೇ. ಸಿಗಲಿಲ್ಲ.

"ಕಾರು ನೋಡಿದೋರು ಯಾರ್ರೀ?" ಮೇಡಂ ಕೇಳಿದರು.

"ಹೊಗೆ ಬಿಟ್ರೆ ಇನ್ನೇನೂ ಕಾಣ್ಲಿಲ್ಲ ಮೇಡಂ," ಅಂದಳು ಕಚಿತಾ. "ಹೊಗೆ ಅಂದ್ಮೇಲೆ ಕೇಳ್ಬೇಕಾ? ಯೊಸ್ಬೆಲ್!"

"ಯೊಸ್ಬೆಲ್ಲೇ!" ಬೀದಿಗೆ ಬೀದಿಯೇ ದನಿಗೂಡಿಸಿತು.

* * *

ಯೊಸ್ಬೆಲ್‌ನದು ಹಳೇ ಕಾಲದ ಅಮೆರಿಕನ್ ಕಾರು. ಸೀಟಿನ ಲೆಕ್ಕದಲ್ಲಿ ಜನ ಹತ್ತಿಸಿಕೊಳ್ಳುವ ಬಾಡಿಗೆ ಗಾಡಿ. ಒಳಗಿರುವುದು ಮೀನು ದೋಣಿಯಿಂದ ಕಿತ್ತು ತಂದ ಡೀಸೆಲ್ ಎಂಜಿನ್. ಆಕ್ಸಿಲರೇಟರ್ ಒತ್ತಿದರೆ ಸಾಕು, ಹಿಂದೆ ಬರುವವರಿಗೆ ಹಗಲೇ ಕತ್ತಲು. ಹಿಂದಿನ ದಿನ ಇದೇ ಹೊಗೆಗೆ ಮೇಷ್ಟ್ರಿಗೂ ಅವನಿಗೂ ಬೀದಿಯಲ್ಲೇ ಜಗಳವಾಗಿತ್ತು.

"ನನ್ನ ಎದೆ ಇರೋದು ಕೊಂಬು ಊದೋಕೆ ಕಣೋ, ನಿನ್ನ ಹೊಗೆ ಕುಡಿಯೋಕಲ್ಲ. ನಿನ್ನ ಗಾಡಿ ರಸ್ತೆಗಿಳೀದ ಹಾಗೆ ಮಾಡಿಸ್ತೀನಿ ನೋಡ್ತಿರು," ಅಂದಿದ್ದರು ಮೇಷ್ಟ್ರು.

"ಮಾಡ್ಸಿ ನೋಡಿ! ಆಮೇಲೆ ಏನಾಗುತ್ತೆ ನೋಡೋರಂತೆ," ಅಂದಿದ್ದ ಯೊಸ್ಬೆಲ್.

ಇಡೀ ಬೀದಿ ಇದಕ್ಕೆ ಸಾಕ್ಷಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಇಳಿಜಾರಿನ ನೆತ್ತಿಗೆ ಬಂದ ಕೂಡಲೇ ನಮ್ಮ ಡ್ರೈವರುಗಳೆಲ್ಲ ಎಂಜಿನ್ ಆಫ್ ಮಾಡುತ್ತಾರೆ. ಗಾಡಿ ತಾನಾಗಿ ಉರುಳಿ ಇಳಿಯುತ್ತದೆ. ಎಣ್ಣೆ ಸಿಗದ ಊರಲ್ಲಿ ಇದು ತಪ್ಪಲ್ಲ, ಸಂಸಾರ ನಡೆಸುವ ರೀತಿ. ಆದರೆ ಹಾಗೆ ಇಳಿಯುವ ಗಾಡಿಗೆ ಸದ್ದಿಲ್ಲ. ಅದಕ್ಕೇ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ದಬದಬ ಬಡಿಯುತ್ತಾ ಇಳಿಯಬೇಕು. ಸಾನ್ ತೆಲ್ಮೊದಲ್ಲಿ ಮೇಷ್ಟ್ರ ಕಿವಿಗಾಗಿ ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಆವತ್ತು ಬಾಗಿಲು ಬಡಿದ ಸದ್ದನ್ನು ಯಾರೂ ಕೇಳಿರಲಿಲ್ಲ.

"ಬೇಕಂತಲೇ ಬಡೀಲಿಲ್ಲ ಅವನು," ಅಂದ ದಗೊಬೆರ್ತೊ.

ಇವನು ಇಳಿಜಾರಿನ ನೆತ್ತಿಯ ಮನೆಯವನು. ಮದುವೆಗೆ, ಹುಡುಗಿಯರ ಹದಿನೈದನೇ ಹುಟ್ಟುಹಬ್ಬಕ್ಕೆ ತನ್ನ ಕೆಂಪು ಷೆವ್ರೊಲೆಟ್ ಬಾಡಿಗೆಗೆ ಕೊಡುವ ದೊಡ್ಡ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಳೆದು ತೂಗಿದ ಮಾತು.

"ನಾನು ಜಗಲಿ ಮೇಲೆ ಕೂತಿದ್ದೆ ಮೇಡಂ. ಅವನ ಡೀಸೆಲ್ ಎಂಜಿನ್ ಗಡಗಡ ಅಂದದ್ದು ಈ ಕಿವಿಯಾರೆ ಕೇಳಿದೀನಿ. ಆಮೇಲೆ ಢಂ ಅಂತು. ಪಾಪ, ಮೇಷ್ಟ್ರು."

ನನಗೆ ಇಷ್ಟು ಸಾಕಾಗಿತ್ತು. ಸಂಜೆಯೊಳಗೆ ಯೊಸ್ಬೆಲ್ ಲಾಕಪ್ಪಿನಲ್ಲಿದ್ದ, ಗಾಡಿ ಠಾಣೆಯ ಅಂಗಳದಲ್ಲಿತ್ತು.

* * *

"ಆ ಹೊತ್ತಿಗೆ ನೀನೆಲ್ಲಿದ್ದೆ?" ಮೇಡಂ ಕೇಳಿದರು.

"ಬೇರೆ ಕಡೆ ಇದ್ದೆ."

"ಬೇರೆ ಕಡೆ ಅಂದ್ರೆ?"

ಯೊಸ್ಬೆಲ್ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಅಂಗೈಗೆ ಅಂಟಿದ ಡೀಸೆಲ್ ವಾಸನೆಯೇ ಅರ್ಧ ಹೇಳುತ್ತಿತ್ತು. ಯಾರದೋ ಹಿತ್ತಲಲ್ಲಿ ಕದ್ದ ಎಣ್ಣೆ ತುಂಬಿಸಿಕೊಂಡಿದ್ದಾನೆ. ಹೆಸರು ಹೇಳಿದರೆ ನಾಳೆಯಿಂದ ಯಾರೂ ಎಣ್ಣೆ ಕೊಡುವುದಿಲ್ಲ.

"ಮಂಕೇ, ಬಾಯಿ ಬಿಡೋ!" ನಾನು ಗದರಿದೆ. "ಬೇಕಂತಲೇ ಗುದ್ದಿದ ಕೇಸು ಇದು. ಒಳಗೆ ಹೋದ್ರೆ ಹೊರಗೆ ಬರೋ ಹೊತ್ತಿಗೆ ಮಗಳ ಮದುವೆ ವಯಸ್ಸು ದಾಟಿರುತ್ತೆ."

ಅವನು ಕಣ್ಣೊರೆಸಿಕೊಂಡು ಗೋಡೆ ಕಡೆ ತಿರುಗಿದ.

ಹೊರಗೆ ಅವನ ಹೆಂಡತಿ ದಮಾರಿಸ್ ಕಾಯುತ್ತಿದ್ದಳು. ಕೈಯಲ್ಲಿ ಅನ್ನ, ಬೀನ್ಸ್ ಕಾಳಿನ ಡಬ್ಬಿ. ಮೇಡಂ ಕಂಡದ್ದೇ ಎದ್ದು ನಿಂತಳು.

"ಅವ್ರಿಗೆ ಕೋಪ ಜಾಸ್ತಿ, ಬಾಯಿ ಜೋರು, ಒಪ್ಕೋತೀನಿ. ಆದ್ರೆ ಮನುಷ್ಯರನ್ನ ರಸ್ತೇಲಿ ಬಿಟ್ಟು ಓಡೋ ಜಾತಿ ಅಲ್ಲ. ಕೋಬ್ರೆ ಮಾತೆ ಆಣೆಗೂ ಅಲ್ಲ. ಗಾಡಿ ಜಪ್ತಿ ಮಾಡಿದ್ರೆ ನಮ್ಮ ಮನೇಲಿ ಒಲೆ ಉರಿಯಲ್ಲ ಮೇಡಂ. ಅದು ಹಾಗಿರಲಿ. ಕೊಲೆಗಾರನ ಮಗಳು ಅಂತ ನನ್ನ ಕೂಸನ್ನ ಸ್ಕೂಲಲ್ಲಿ ಕರೆದ್ರೆ ನಾನೇನು ಮಾಡ್ಲಿ?"

ಮೇಡಂ ಸಮಾಧಾನ ಹೇಳಲಿಲ್ಲ. ಅದು ಅವರಿಗೆ ಬರುವುದೂ ಇಲ್ಲ. "ನಾಳೆ ನಿನ್ನ ಗಂಡನ ಗಾಡೀನ ಇಳಿಜಾರಿಗೆ ತರ್ತೀನಿ. ನೀನೂ ಬಾ," ಅಂದರು.

* * *

ಮರುದಿನ ಮಧ್ಯಾಹ್ನ ಯೊಸ್ಬೆಲ್‌ನ ಗಾಡಿ ಇಳಿಜಾರಿನ ನೆತ್ತಿಯಲ್ಲಿ ನಿಂತಿತು. ಸ್ಟೀರಿಂಗ್ ಹಿಡಿದು ಕೂತವರು ಸಾಕ್ಷಾತ್ ಮೇಡಂ. ಅವರಪ್ಪ ಬೆಟ್ಟದ ರಸ್ತೆಯಲ್ಲಿ ಲಾರಿ ಓಡಿಸಿದವರು; ಮಗಳು ಗೇರ್ ಬಾಕ್ಸ್ ಪಕ್ಕದಲ್ಲೇ ಬೆಳೆದವಳು. ಮೇಡಂ ಹೇಳಿದಂತೆ ಕಚಿತಾ ಹಳೆಯದೊಂದು ದುಪ್ಪಟಿ ಹರವಿದ್ದಳು, ಗೊಣಗುತ್ತಲೇ.

ಎಂಜಿನ್ ಆಫ್ ಮಾಡಿ ಗಾಡಿ ಇಳಿಯಬಿಟ್ಟರು. ಬಾಲ್ಕನಿಯ ಕೆಳಗೆ ಬಂದಾಗ ಗೇರ್ ಹಾಕಿ ಎಂಜಿನ್ ಎಬ್ಬಿಸಿ, ಆಕ್ಸಿಲರೇಟರನ್ನು ನೆಲಕ್ಕಂಟುವಂತೆ ತುಳಿದರು. ಗಡಗಡಗಡ! ಕಿಟಕಿಯ ಗಾಜು ನಡುಗಿತು. ಕಪ್ಪು ಹೊಗೆ ಎದ್ದು ದುಪ್ಪಟಿಗೆ ಬಡಿಯಿತು. ಮೇಡಂ ಇಳಿದು ಬಂದು ನಿನ್ನೆಯ ದುಪ್ಪಟಿಯನ್ನೂ ಇವತ್ತಿನದನ್ನೂ ಪಕ್ಕಪಕ್ಕ ಹಿಡಿದರು. ಎರಡೂ ಕಪ್ಪು, ಎರಡೂ ಒಣ ಮಸಿ. ದಮಾರಿಸ್ ಮುಖ ಬಾಡಿತು.

"ಇನ್ನೇನು ಬೇಕು ಮೇಡಂ? ಕೇಸು ಮುಗೀತು," ಅಂದೆ ನಾನು.

ಆಗ ಮೇಲಿನಿಂದ ಕಚಿತಾ ಕೂಗಿದಳು. "ಥೂ, ನಿನ್ನೆ ಸದ್ದಿಗೆ ಜೀವ ಬಾಯಿಗೆ ಬಂದಿತ್ತು. ಇವತ್ತು ಬರೀ ಹೊಗೆ! ಢಂ ಎಲ್ಲಿ?"

"ಇವತ್ತು ಯಾರಿಗೂ ಗುದ್ದಿಲ್ವಲ್ಲಮ್ಮ, ಎಲ್ಲಿಂದ ಬರುತ್ತೆ ಢಂ?" ಅಂತ ನಕ್ಕೆ.

ಮೇಡಂ ನಗಲಿಲ್ಲ. ನನ್ನ ಹತ್ತಿರ ಬಂದು ಬೆನ್ನಿಗೆ ಒಂದು ಬಲವಾದ ಗುದ್ದು ಕೊಟ್ಟರು.

"ಅಯ್ಯಯ್ಯೋ! ಯಾಕೆ ಮೇಡಂ?"

"ಸದ್ದು ಹೇಗೆ ಬಂತು?"

"ಧಬ್ ಅಂತ ಬಂತು."

"ಢಂ ಅನ್ಲಿಲ್ಲ ಅಲ್ವಾ? ಮನುಷ್ಯನ ಮೈಗೆ ಬಿದ್ದ ಏಟು ಪಟಾಕಿ ಥರ ಸಿಡಿಯಲ್ಲ ಕೂಕೊ. ಬೀದಿಯವರು ಕೇಳಿದ್ದು ಗುದ್ದಿನ ಸದ್ದೇ ಅಲ್ಲ. ಅದು ಸೈಲೆನ್ಸರ್ ಒಳಗೆ ಪೆಟ್ರೋಲ್ ಸಿಡಿದ ಸದ್ದು. ಡೀಸೆಲ್ ಗಾಡಿ ಹಾಗೆ ಸಿಡಿಯೋದನ್ನ ನೀನು ಜನ್ಮದಲ್ಲಿ ಕೇಳಿದೀಯಾ?"

ಇಲ್ಲ, ಕೇಳಿರಲಿಲ್ಲ. ಬೆನ್ನು ಉರಿಯುತ್ತಿದ್ದರೂ ತಲೆ ತಣ್ಣಗಾಯಿತು.

"ಈ ಗುಡ್ಡದಲ್ಲಿ ಪೆಟ್ರೋಲ್ ಗಾಡಿ ಎಷ್ಟಿವೆ?"

"ಎಲ್ರೂ ಡೀಸೆಲ್ ಎಂಜಿನ್ ಕೂರಿಸ್ಕೊಂಡಿದಾರೆ ಮೇಡಂ. ಉಳಿದಿರೋದು ಎರಡೇ. ಒಂದು ಚರ್ಚ್ ಹಿಂದಿನ ಫೋರ್ಡ್."

ಹೋಗಿ ನೋಡಿದೆವು. ಫೋರ್ಡಿಗೆ ಚಕ್ರಗಳೇ ಇರಲಿಲ್ಲ. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನಾನು ಬಾಗಿಲು ತೆಗೆದದ್ದಕ್ಕೆ ಕೈಗೆ ಕುಕ್ಕಿತು.

"ಇನ್ನೊಂದು?" ಮೇಡಂ ಕೇಳಿದರು.

"ಇನ್ನೊಂದು ದಗೊಬೆರ್ತೊದು ಮೇಡಂ. ಆದ್ರೆ ಅದು ಹೊಗೆ ಬಿಟ್ಟಿದ್ದನ್ನ ಈ ಊರಲ್ಲಿ ಯಾರೂ ಕಂಡಿಲ್ಲ!"

"ಮದುಮಗಳನ್ನ ಕೂರಿಸ್ಕೊಂಡು ನಿಧಾನಕ್ಕೆ ಹೋಗೋ ಗಾಡಿ ಯಾಕಪ್ಪಾ ಹೊಗೆ ಬಿಡುತ್ತೆ?" ಅಂದರು ಮೇಡಂ.

* * *

ದಗೊಬೆರ್ತೊ ಕಾರಿನ ಮೇಲಿನ ಹೊದಿಕೆಯನ್ನು ತಾನೇ ಸರಿಸಿದ. ಮುಖ ನೋಡಿಕೊಳ್ಳುವಷ್ಟು ಹೊಳಪು. ಬಂಪರಿನಲ್ಲಿ ಒಂದು ಗೀರಿಲ್ಲ. ಆ ಕಾಲದ ಉಕ್ಕು; ಬಡಕಲು ಮೇಷ್ಟ್ರು ಅದಕ್ಕೆ ಯಾವ ಲೆಕ್ಕ?

"ಭಾನುವಾರದ ಮದುವೆ ಆದ್ಮೇಲೆ ಇದು ಇಲ್ಲಿಂದ ಅಲ್ಲಾಡಿಲ್ಲ. ಒಳಗಿರೋದು ಹುಟ್ಟಿನಿಂದ ಇದ್ದ ಎಂಜಿನ್ನೇ ಮೇಡಂ. ಹೊಗೆ ಅನ್ನೋದೇ ಇದಕ್ಕೆ ಗೊತ್ತಿಲ್ಲ."

"ಕೀ ಕೊಡಿ," ಅಂದರು ಮೇಡಂ.

"ಈಗ್ಲಾ? ಪಾಲಿಷ್ ಇನ್ನೂ ಆರಿಲ್ಲ..."

"ನಾನು ಪಾಲಿಷ್ ಮುಟ್ಟಲ್ಲ. ಬರೀ ಆಕ್ಸಿಲರೇಟರ್ ತುಳೀತೀನಿ. ನೀವೂ ಕೂತ್ಕೊಳ್ಳಿ."

ಅವನು ಮುಂದೆ ಕೂತ, ನಾನು ಹಿಂದೆ. ನೆತ್ತಿಯಲ್ಲಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರು. ಕಾರು ಹಾಲಿನ ಕೆನೆಯ ಮೇಲೆ ಜಾರಿದಂತೆ ಜಾರಿತು. ಕಲ್ಲುಹಾಸಿನ ಮೇಲೂ ಒಂದು ಕಿರಕಿರ ಇಲ್ಲ. ಮೇಡಂ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ದಬದಬ ಬಡಿದರು.

"ಅಯ್ಯೋ, ಬಣ್ಣ! ಬಡೀಬೇಡಿ, ಬಣ್ಣ ಹೋಗುತ್ತೆ!" ದಗೊಬೆರ್ತೊ ಕಿರುಚಿದ.

ಮೇಡಂ ಅವನನ್ನು ಒಮ್ಮೆ ನೋಡಿದರು. ಕೈ ಒಳಗೆಳೆದುಕೊಂಡರು.

ಬಾಲ್ಕನಿಯ ಹತ್ತಿರ ಬಂದಾಗ, ಎಂಜಿನ್ ಆಫ್ ಇದ್ದಂತೆಯೇ ಆಕ್ಸಿಲರೇಟರನ್ನು ಪಟಪಟ ತುಳಿದರು, ಗಾಬರಿಬಿದ್ದವನು ತುಳಿದಂತೆ. ಕೀ ತಿರುಗಿಸಿ ಗೇರ್ ಹಾಕಿ ನೆಲಕ್ಕೆ ಒತ್ತಿದರು.

ಢಂ!

ಕಚಿತಾ ಚೀರಿದಳು. "ಇದೇ! ಇದೇ ಸದ್ದು! ಹಾಳಾದೋನೇ, ನನ್ನ ದುಪ್ಪಟಿ!"

ಹಿಂದೆ ತಿರುಗಿದೆ. ಬೀದಿ ಕಾಣುತ್ತಿರಲಿಲ್ಲ. ಹೊಗೆ ಗೊತ್ತಿಲ್ಲದ ಆ ಕಾರು ಯೊಸ್ಬೆಲ್‌ನ ಗಾಡಿಯನ್ನೂ ನಾಚಿಸುವಷ್ಟು ಉಗುಳಿತ್ತು.

ಜೊತೆಗೆ ಇನ್ನೊಂದು ಸದ್ದು. ಕಾರು ಮುಂದಕ್ಕೆ ಚಿಮ್ಮಿದಾಗ ಮುಂಭಾಗದಲ್ಲೆಲ್ಲೋ ಟಿಣ್ ಟಿಣ್ ಅಂದಿತು. ಮೇಡಂ ಕಾರು ನಿಲ್ಲಿಸಿದರು.

"ಇಷ್ಟು ಪ್ರೀತಿಯಿಂದ ಸಾಕಿದ ಕಾರಲ್ಲಿ ಟಿಣ್ ಅನ್ನೋದೇನ್ರೀ? ಕೂಕೊ, ಬಂಪರ್ ಹಿಂದೆ ಕೈ ಹಾಕು."

ಮತ್ತೆ ನನ್ನ ಕೈಯೇ! ಹಾಕಿದೆ. ಬಂಪರಿಗೂ ಕಾರಿನ ಮೈಗೂ ನಡುವಿನ ಸಂದಿಯಲ್ಲಿ ಒಂದು ಬಿಲ್ಲೆ ಸಿಕ್ಕಿತು. ಹಿತ್ತಾಳೆಯದು. ಒಂದು ಅಂಚು ಮೇಷ್ಟ್ರ ತುಟಿ ತಾಗಿ ತಾಗಿ ಸವೆದಿತ್ತು.

ದಗೊಬೆರ್ತೊ ಕಾರಿನಿಂದ ಇಳಿಯಲೇ ಇಲ್ಲ. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

* * *

ಬೀದಿಯವರೆಲ್ಲ ಸುತ್ತ ನೆರೆದಿದ್ದರು. ಮೇಡಂ ಅಲ್ಲೇ ಬಿಡಿಸಿ ಹೇಳಿದರು.

"ಎಲ್ಲರ ಹಾಗೆ ನೀವೂ ಎಂಜಿನ್ ಆಫ್ ಮಾಡಿ ಇಳಿದ್ರಿ. ಎಲ್ಲರ ಹಾಗೆ ಬಾಗಿಲು ಬಡೀಲಿಲ್ಲ, ಬಣ್ಣ ಹೋಗುತ್ತೆ ಅಂತ. ಮೇಷ್ಟ್ರಿಗೆ ಏನೂ ಕೇಳಿಸ್ಲಿಲ್ಲ, ರಸ್ತೆಗಿಳಿದ್ರು. ಧಬ್ ಅಂತು. ಆ ಸದ್ದು ಮನೆ ಒಳಗಿದ್ದೋರಿಗೆ ಕೇಳಿಸೋ ಅಂಥದ್ದಲ್ಲ. ನಿಮ್ಮ ಕೈಕಾಲು ತಣ್ಣಗಾಯ್ತು, ಕಾಲಿಗೆ ಸಿಕ್ಕಿದ್ದನ್ನ ತುಳಿದ್ರಿ. ಆರಿದ ಎಂಜಿನ್‌ಗೆ ಹಸಿ ಪೆಟ್ರೋಲ್ ಸುರೀತು. ಕೀ ತಿರುಗಿಸಿ ಜೋರಾಗಿ ಒತ್ತಿದಾಗ ಅರ್ಧ ಸೈಲೆನ್ಸರ್ ಒಳಗೆ ಸಿಡೀತು, ಅರ್ಧ ಹೊಗೆ ಆಯ್ತು. ಎಲ್ರೂ ಹೊಗೆ ನೋಡಿದ್ರು, ಯೊಸ್ಬೆಲ್ ಅಂದ್ರು."

"ಅವನ ಹೆಸರು ಮೊದಲು ಎತ್ತಿದ್ದು ನಾನಲ್ಲ," ದಗೊಬೆರ್ತೊ ತೊದಲಿದ. "ಜನರೇ ಅಂದ್ರು..."

"ಹೌದು. ನೀವು ಗಡಗಡ ಸೇರಿಸಿದ್ರಿ. ಯೊಸ್ಬೆಲ್ ಗಾಡಿ ಸದ್ದು ಮೂರು ಬೀದಿ ಆಚೆಗೆ ಕೇಳುತ್ತೆ. ಕರೆಂಟಿಲ್ಲದ ಮಧ್ಯಾಹ್ನ ಅದು ಕೇಳಿಸಿದ್ದು ನಿಮಗೊಬ್ಬರಿಗೇ ಹೇಗೆ? ಆಗ್ಲೇ ನಿಮ್ಮ ಮೇಲೆ ಕಣ್ಣಿಟ್ಟೆ. ನಿಲ್ಲಿಸಿ, ಮೇಷ್ಟ್ರನ್ನ ಎತ್ತಿ ಇದೇ ಕಾರಲ್ಲಿ ಆಸ್ಪತ್ರೆಗೆ ಹಾಕಿದ್ದಿದ್ರೆ ಇದು ಅಪಘಾತ ಆಗ್ತಿತ್ತು ದಗೊಬೆರ್ತೊ ಅವರೇ. ನೀವು ಇನ್ನೊಬ್ಬನ ಮನೆ ಒಲೆ ಆರಿಸೋಕೆ ಹೊರಟ್ರಿ."

ದಮಾರಿಸ್ ಮುಂದೆ ಬಂದಳು. ಅವನ ಹೊಳೆಯುವ ಬಾಗಿಲನ್ನು ಅಂಗೈಯಿಂದ ಬಡಿದಳು, ಒಮ್ಮೆ ಅಲ್ಲ, ಕೈ ಕೆಂಪಾಗುವ ತನಕ. ನಾನು ತಡೆಯಲಿಲ್ಲ. ತಡೆಯಬೇಕು ಅಂತ ಅನ್ನಿಸಲೂ ಇಲ್ಲ.

* * *

ಬಿಡುಗಡೆ ಮಾಡುವಾಗ ಯೊಸ್ಬೆಲ್ ಹಿಂಜರಿಯುತ್ತಾ ಬಾಯಿ ತೆರೆದ. "ಮೇಡಂ, ಆವತ್ತು ನಾನೆಲ್ಲಿದ್ದೆ ಅಂದ್ರೆ..."

"ಈಗ ನಾನು ಕೇಳ್ಲಿಲ್ಲ," ಅಂದರು ಮೇಡಂ. "ನಡಿ, ಗಾಡಿ ತೆಗಿ. ಆಸ್ಪತ್ರೆಗೆ ಹೋಗ್ಬೇಕು."

ಮೇಷ್ಟ್ರು ಬೆಳಿಗ್ಗೆಯಷ್ಟೇ ಕಣ್ಣು ಬಿಟ್ಟಿದ್ದರು. ಕಾಲಿಗೆ ಕಟ್ಟು, ತಲೆಗೆ ಕಟ್ಟು. ಮೇಡಂ ಹಿತ್ತಾಳೆ ಬಿಲ್ಲೆಯನ್ನು ಅಂಗೈಗಿಟ್ಟಾಗ ತುಟಿಗೆ ಮುಟ್ಟಿಸಿ ನೋಡಿ, ಮುಷ್ಟಿಯೊಳಗೆ ಬಿಗಿದುಕೊಂಡರು. ಯೊಸ್ಬೆಲ್ ಬಾಗಿಲ ಹತ್ತಿರವೇ ನಿಂತಿದ್ದ. ಒಳಗೆ ಬರಲು ಧೈರ್ಯವಿರಲಿಲ್ಲ.

"ಬಾರೋ ಒಳಗೆ," ಅಂದರು ಮೇಷ್ಟ್ರು. "ನಿನ್ನ ಗಾಡಿ ಗೇಟಿಗೆ ಬಂದಾಗಲೇ ಗೊತ್ತಾಯ್ತು ನೀನು ಬಂದೆ ಅಂತ."

"ಮೇಷ್ಟ್ರೇ, ಆ ಹೊಗೆ... ರಿಪೇರಿ ಮಾಡಿಸ್ತೀನಿ. ಆಣೆ ಮಾಡ್ತೀನಿ."

"ಮಾಡ್ಸು, ಹೊಗೆ ಮಾತ್ರ ಮಾಡ್ಸು." ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಆ ಗಡಗಡ ಮುಟ್ಟಿದ್ಯೋ, ಆ ಮುರಿದ ಕೊಂಬು ತಗೊಂಡೇ ತಲೆ ಮೇಲೆ ಬಾರಿಸ್ತೀನಿ. ನಾನು ರಸ್ತೆ ದಾಟೋದು ಬೇಡ್ವೇನೋ?"