ಹಿಂದೆ ಇನ್ನೊಬ್ಬರು ಇದ್ದಾರೆ

"ಪುಂತೆನ್! ಪುಂತೆನ್!"

ತಿರುವಿನಾಚೆಯಿಂದ ಕೂಗು ಬಂದದ್ದೇ ತಡ, ಸೈಕಲ್ಲೂ ಬಂದೇಬಿಟ್ಟಿತು! ಬೆಟ್ಟದ ಕಾಲುದಾರಿ ಹತ್ತುತ್ತಿದ್ದ ಲಾರಸ್ ಹಿಂದೆ ಮುಂದೆ ನೋಡದೆ ಪಕ್ಕದ ಮುಳ್ಳುಪೊದೆಗೆ ಹಾರಿದಳು.

ಸವಾರ ಬ್ರೇಕ್ ಹಿಡಿದು ಕಾಲೂರಿ ನಿಂತ. ಮುಖವೆಲ್ಲ ಕೆಸರು. ಅದರ ನಡುವಿನ ಎರಡು ಕಣ್ಣುಗಳಲ್ಲಿ ಅವಳಿಗಿಂತ ಹೆಚ್ಚು ಗಾಬರಿಯಿತ್ತು.

"ಪೆಟ್ಟಾಯ್ತಾ, ತೇಹ್?"

"ಯಾರ್ರೀ ನಿಮಗೆ ಅಕ್ಕ? ಇಳಿಯೋರು ನಿಂತು ಹತ್ತೋರಿಗೆ ದಾರಿ ಬಿಡಬೇಕು. ಅಷ್ಟೂ ಗೊತ್ತಿಲ್ವಾ?"

"ನಿಂತಿದ್ದೀನಲ್ಲ..."

"ಹೌದು, ನಾನು ಮುಳ್ಳಲ್ಲಿ ಬಿದ್ದಮೇಲೆ!"

"ತಪ್ಪಾಯ್ತು." ಅವನು ತಲೆ ಬಾಗಿಸಿದ. "ಆದ್ರೆ ಸ್ವಲ್ಪ ಅಲ್ಲೇ ಇರಿ. ಹಿಂದೆ ಇನ್ನೊಬ್ಬರು ಇದ್ದಾರೆ."

ಇಷ್ಟು ಹೇಳಿ ಹೊರಟೇಹೋದ.

ನಮ್ಮ ಬಂಡುಂಗ್ ಬೆಟ್ಟಗಳಲ್ಲಿ ಯಾರನ್ನು ದಾಟಿ ಹೋಗುವುದಿದ್ದರೂ 'ಪುಂತೆನ್' ಅನ್ನಬೇಕು, ಕೇಳಿದವರು 'ಮಂಗ್ಗಾ' ಅಂದು ದಾರಿ ಬಿಡಬೇಕು. ಬೈಯುವುದೇನಿದ್ದರೂ ಆಮೇಲೆ. ಒಬ್ಬ ಸವಾರ ಹಿಂದೆ ಇನ್ನೊಬ್ಬನಿದ್ದಾನೆ ಅಂದರೆ, ಅವನೂ ದಾಟುವ ತನಕ ನಡೆಯುವವರು ಕಾಯಬೇಕು. ಲಾರಸ್ ಕಾದಳು. ಚಹಾ ಆರುವ ತನಕ ಕಾಯಲಾರದವಳು ಅವಳು! ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳೆಂದು ತಾಯಿ ಬೈಯುತ್ತಿದ್ದದ್ದು ಸುಮ್ಮನಲ್ಲ. ಸೊಳ್ಳೆಗಳು ಮುತ್ತಿದವು. ಪೈನ್ ಮರಗಳ ನಡುವೆ ಮಂಜು ಬಂತು, ಹೋಯಿತು. ಸೈಕಲ್ ಮಾತ್ರ ಬರಲಿಲ್ಲ.

ಮುಂದಿನ ಭಾನುವಾರವೂ ಅದೇ ತಿರುವು, ಅದೇ ಮಾತು. ಅದರ ಮುಂದಿನ ಭಾನುವಾರವೂ.

'ನನ್ನನ್ನು ಆಟ ಆಡಿಸ್ತಿದ್ದಾನಾ ಇವನು?' ಒಳಗೊಳಗೇ ಕುದಿದಳು. ಆದರೂ ಪ್ರತಿ ಭಾನುವಾರ ಮನೆಯಿಂದ ಇನ್ನೂ ಬೇಗ ಹೊರಡತೊಡಗಿದಳು. ಜಗಳಕ್ಕೆ ಹೋಗುವವಳಿಗೆ ಹೊಸ ಹಳದಿ ತಲೆವಸ್ತ್ರ ಏಕೆಂದು ಯಾರೂ ಕೇಳಲಿಲ್ಲ, ಸದ್ಯ.

ಕೆಳಗೆ ದಾರಿ ಮುಗಿಯುವಲ್ಲಿ ಅಂಬು ಇಯೋಸ್ ಅವರ ಅಂಗಡಿ; ಅಂಬು ಎಂದರೆ ಅಮ್ಮ. ನಡೆಯುವವರು, ಸೈಕಲ್‌ನವರು ಎಲ್ಲರೂ ಬಿಸಿ ಶುಂಠಿ ಪಾನಕಕ್ಕೆ ಸೇರುವುದು ಅಲ್ಲೇ. ಅವನ ಹೆಸರು ವಿಲ್ದಾನ್ ಎಂದು ತಿಳಿದದ್ದೂ ಅಲ್ಲೇ. ಅವನು ಕರಿದ ತಿಂಡಿಯ ತಟ್ಟೆ ಅವಳತ್ತ ಸರಿಸುತ್ತಿದ್ದ. ಅವಳು ಬೇಡ ಎನ್ನುತ್ತಲೇ ಖಾಲಿ ಮಾಡುತ್ತಿದ್ದಳು. ಅವನು ನಕ್ಕರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು!

ಒಂದು ದಿನ ಕೋಲು ಹಿಡಿದ ಅಜ್ಜನೊಬ್ಬ ಕಿಚಾಯಿಸಿದ. "ಏನಮ್ಮಾ, ಇವತ್ತೂ ಇಲ್ಲದವನಿಗೆ ಕಾದ್ಯಾ?"

ಎಲ್ಲರೂ ಗೊಳ್ಳೆಂದರು. ಲಾರಸ್ ಮುಖ ಕೆಂಪೇರಿತು.

"ನೋಡಿದ್ರಾ? ನಿಮ್ಮಿಂದ ನಾನು ನಗೆಪಾಟಲು! ಒಬ್ಬನೇ ಬರ್ತೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆನಾ? ಮುಂದಿನ ಸಲ ಸರಿಯಾಗಿ ಹೇಳಿ, ಹಿಂದೆ ಯಾರೂ ಇಲ್ಲ ಅಂತ!"

ತುಟಿಗೇರಿದ್ದ ಲೋಟ ಅಲ್ಲೇ ನಿಂತಿತು. ವಿಲ್ದಾನ್ ಅವಳನ್ನು ನೋಡಿದ. ಲೋಟ ಕೆಳಗಿಟ್ಟು, "ಆಯ್ತು," ಅಂದ.

ಮರುವಾರ ಅವನು ತಿರುವಿಗಿಂತ ಎಷ್ಟೋ ಮೊದಲೇ ಸೈಕಲ್‌ನಿಂದ ಇಳಿದು ನಿಂತಿದ್ದ.

"ಪುಂತೆನ್..."

"ಮಂಗ್ಗಾ."

"ಹಿಂದೆ..." ಅವನು ತಾನು ಬಂದ ದಾರಿಯತ್ತ ತಿರುಗಿ ನೋಡಿದ. "ಹಿಂದೆ ಯಾರೂ ಇಲ್ಲ."

ಮತ್ತೆ ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಇಳಿದುಹೋದ. ಗೆದ್ದವಳು ಅವಳೇ. ಆದರೆ ಎದೆಯ ಮೇಲೆ ಕಲ್ಲಿಟ್ಟ ಹಾಗೆ... ಯಾಕೆ?

ಆಮೇಲೆ ಅವನು ಬರುವುದನ್ನೇ ನಿಲ್ಲಿಸಿದ.

"ಅಂಬು, ವಿಲ್ದಾನ್ ಎಲ್ಲಿ?" ತಡೆಯಲಾರದೆ ಕೇಳಿದಳು.

ಅಂಬು ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಅವರು ಅಣ್ಣತಮ್ಮ ಇಬ್ಬರು, ಮಗಳೇ. ಇವನು ಮುಂದೆ, ಹಿಲ್ಮನ್ ಹಿಂದೆ. ಇವನು ದಾರೀಲಿರೋರಿಗೆಲ್ಲ 'ಹಿಂದೆ ಇನ್ನೊಬ್ಬರು ಇದ್ದಾರೆ' ಅಂತ ಹೇಳ್ಕೊಂಡು ಬರೋನು. ಅವನು ಬಂದು 'ನಾನೇ ಆ ಇನ್ನೊಬ್ಬ!' ಅಂತ ನಗೋನು. ಹೋದ ಮಳೇಲಿ ಜ್ವರ ಬಂತು, ಹಿಲ್ಮನ್ ಹೋಗ್ಬಿಟ್ಟ. ಇವನ ಬಾಯಿಗೆ ಮಾತ್ರ ಅದು ಗೊತ್ತಾಗ್ಲಿಲ್ಲ. ಇಲ್ಲಿ ಬರೋ ಬಹಳ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿರೋ ನನಗೂ ತಿದ್ದೋಕೆ ಮನಸ್ಸು ಬರ್ಲಿಲ್ಲ."

ಲಾರಸ್ ಕೈಯಲ್ಲಿದ್ದ ಪಾನಕ ಆರಿತು. 'ಅವನು ಯಾರಿಗೂ ಹೇಳದ ಮಾತನ್ನು ನಾನು ಅವನಿಂದ ಹೇಳಿಸಿದೆ... ಎಲ್ಲರೆದುರು ಕೇಳಿ ಹೇಳಿಸಿದೆ!'

ಅಂದಿನಿಂದ ಪ್ರತಿ ಭಾನುವಾರ ಅವಳು ಆ ತಿರುವಿನಲ್ಲೇ ನಿಂತಳು. ಸೈಕಲ್ ಸದ್ದಾದರೆ ಕತ್ತು ಉದ್ದ ಮಾಡುವಳು, ಯಾರದೋ ಮುಖ ಕಂಡು ಉಗುರು ಕಚ್ಚುವಳು. 'ಇನ್ನು ಬರುವುದೇ ಇಲ್ಲವೇನೋ. ಬಂದರೂ ನನ್ನ ಮುಖ ನೋಡುತ್ತಾನಾ?' ಕೂರುವಳು, ಏಳುವಳು. ಮನೆಗೆ ಹೋಗಲು ಮಾತ್ರ ಕಾಲು ಬರುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ಬಂದ. ಸೈಕಲ್ ತಳ್ಳಿಕೊಂಡು, ನಡೆದೇ.

"ಇದನ್ನ ಕೊಟ್ಟುಬಿಡ್ತೀನಿ," ಅಂದ, ಅವಳನ್ನು ನೋಡದೆ. "ಅಂಬು ಅಂಗಡಿ ಹತ್ರ ಯಾರೋ ಕೇಳಿದ್ರು."

"ಕೊಡಬೇಡಿ! ಅವತ್ತು ನಾನು... ನನಗೆ ಗೊತ್ತಿರಲಿಲ್ಲ. ಕ್ಷಮಿಸಿ."

"ನೀವು ಹೇಳಿದ್ದು ನಿಜ, ಲಾರಸ್. ಹಿಂದೆ ಯಾರೂ ಇಲ್ಲ."

"ಇದ್ದಾರೆ!"

ಅವನು ತಲೆಯೆತ್ತಿದ. ಅವಳ ಕಣ್ಣು ತುಂಬಿತ್ತು, ಮೇಲೆತ್ತಿದ ಗಲ್ಲ ಮಾತ್ರ ಮೊದಲ ದಿನದ ಜಗಳಗಂಟಿಯದೇ.

"ನನಗೆ ಸೈಕಲ್ ಬರಲ್ಲ. ನಡೆದೇ ಬರ್ತೀನಿ, ತಡ ಆಗುತ್ತೆ. ಆದ್ರೆ ಬರ್ತೀನಿ. ಈ ದಾರಿ ಬಗ್ಗೆ ಮಾತ್ರ ಹೇಳ್ತಿಲ್ಲ... ಅರ್ಥ ಆಯ್ತಾ?"

ಅವನು ಮುಂಗೈಯಿಂದ ಕಣ್ಣೊರೆಸಿಕೊಂಡು ಸೈಕಲ್ ಹತ್ತಿದ.

ಕೆಳಗಿನ ತಿರುವಿನಲ್ಲಿ ಅದೇ ಕೋಲಿನಜ್ಜ ಹತ್ತಿ ಬರುತ್ತಿದ್ದ. ವಿಲ್ದಾನ್ ನಿಂತು ದಾರಿ ಬಿಟ್ಟ.

"ಪುಂತೆನ್, ಅಜ್ಜಾ. ಹಿಂದೆ... ಹಿಂದೆ ಇನ್ನೊಬ್ಬರು ಇದ್ದಾರೆ!"

"ಮಂಗ್ಗಾ, ಮಂಗ್ಗಾ," ಎಂದ ಅಜ್ಜ. ಈ ಹುಡುಗನ ಮಾತು ಗೊತ್ತಿದ್ದದ್ದೇ. ಆದರೂ ಈ ಸಲ ನಗಲಿಲ್ಲ. ಪಕ್ಕಕ್ಕೆ ಸರಿದು ಕಾದ.

ದಡದಡ ಹೆಜ್ಜೆ ಸದ್ದು! ಹಳದಿ ತಲೆವಸ್ತ್ರ ಜಾರಿಸಿಕೊಂಡು, ಏದುಸಿರು ಬಿಡುತ್ತಾ ಲಾರಸ್ ಓಡಿಬಂದಳು.

"ನಾನೇ, ಅಜ್ಜಾ... ನಾನೇ ಆ ಇನ್ನೊಬ್ಬಳು!"

ಅಂಗಡಿಯೆದುರು ವಿಲ್ದಾನ್ ಎರಡು ಲೋಟ ಹಿಡಿದು ನಿಂತಿದ್ದ.

"ಬಹಳ ಕಾದ್ರಾ?" ಎಂದಳು.

"ಇಲ್ಲ," ಅವನು ಲೋಟ ಅವಳ ಕೈಗಿಟ್ಟ. "ನೋಡಿ, ಇನ್ನೂ ಬಿಸಿ ಇದೆ."