ಹೊಸ ವಿಳಾಸಕ್ಕೆ ಒತ್ತಿದ ಹೌದು

೧೯೯೭ರ ಫೆಬ್ರವರಿ ೧೩, ಗುರುವಾರ, ಬೆಳಿಗ್ಗೆ ೯.೨೦. ಫೆಸ್ ನಗರದ ಠಾಣೆಗೆ ಬಂದ ಗಣಿತದ ಪ್ರಾಧ್ಯಾಪಕಿ ಝುಹೂರ್ ಸ್ಕಲ್ಲಿ ಇನ್‌ಸ್ಪೆಕ್ಟರ್ ರಗ್ರಾಗಿಯವರ ಮುಂದೆ ಒಂದು ಹಾಳೆ ಇಟ್ಟರು. ಮಾಂಟ್ರಿಯಲ್‌ನಲ್ಲಿದ್ದ ಅವರ ತಮ್ಮ ಇದ್ರೀಸ್‌ನ ಹೆಸರಲ್ಲಿ ಹಿಂದಿನ ದಿನ ಬಂದ ಇಮೇಲ್. ಹಬ್ಬದ ಶುಭಾಶಯ, ಆರಾಮಾಗಿದ್ದೇನೆ, ಚಳಿ ಮುಗಿದ ಮೇಲೆ ಬಾ ಎಂದಿತ್ತು.

“ಇದ್ರಲ್ಲಿ ದೂರು ಏನು, ಲಲ್ಲಾ?” ಎಂದರು ರಗ್ರಾಗಿ, ‘ಅಮ್ಮಾವ್ರೇ’ ಎಂಬ ಗೌರವದ ಅರ್ಥದಲ್ಲಿ.

“ಅವನು ಎರಡನೇ ತಾರೀಕೇ ತೀರ್ಕೊಂಡಿದ್ದಾನೆ. ನಿನ್ನೆ ಸಂಜೆ ಅವನ ಹೆಂಡ್ತಿ ಫೋನ್ ಮಾಡಿ, ಅಷ್ಟು ಕರೆದ್ರೂ ಬರ್ಲಿಲ್ಲ ಅಂತ ಬೈದಳು. ನನ್ನನ್ನ ಯಾರೂ ಕರೀಲೇ ಇಲ್ಲ.”

ಇದ್ರೀಸ್‌ಗೆ ಗಂಟಲಿನ ಕ್ಯಾನ್ಸರ್. ದನಿ ಹೋದಮೇಲೆ ಅಕ್ಕ ತಮ್ಮನ ಮಾತೆಲ್ಲ ಇಮೇಲಿನಲ್ಲೇ. ದೂರು ದಾಖಲಾಯಿತು.

೧೧ ಗಂಟೆಗೆ ವಿಶ್ವವಿದ್ಯಾಲಯದಲ್ಲಿ, ಝುಹೂರ್ ಅವರ ಕೊಠಡಿಯಲ್ಲಿ ಪಂಚನಾಮೆ. ಝುಹೂರ್ ಪಾಠ, ಪತ್ರ ಎಲ್ಲವನ್ನೂ ಕಂಪ್ಯೂಟರಿನ ಒಂದೇ ಎಡಿಟರ್‌ನಲ್ಲಿ ಬರೆಯುವವರು. ಅದರೊಳಗಿನ ವಿಳಾಸ ಪುಸ್ತಕವನ್ನು ಇಮೇಲಿಗೆ ಜೋಡಿಸಲಾಗಿತ್ತು. ಹೆಸರು ಹೊಡೆದರೆ ಸಾಕು, ವಿಳಾಸ ತಾನೇ ಬರುತ್ತದೆ. ಪರಿಚಿತರ ಪತ್ರ ಬೇರೆ ವಿಳಾಸದಿಂದ ಬಂದರೆ, ಹಳೆಯದನ್ನು ಬದಲಿಸಲೇ ಎಂದು ಪುಸ್ತಕವೇ ಕೇಳುತ್ತದೆ. ಬದಲಿಸಿದ ದಿನವನ್ನೂ ಬರೆದಿಟ್ಟುಕೊಳ್ಳುತ್ತದೆ. ಇದ್ರೀಸ್ ಹೆಸರಿನೆದುರು ಇದ್ದ ದಿನಾಂಕ ಕಳೆದ ನವೆಂಬರ್ ೪.

“ಅವತ್ತು ನಿಮ್ಮನ್ನ ಕೇಳಿತ್ತಾ?”

“ದಿನಕ್ಕೆ ಹತ್ತು ಸಲ ಕೇಳುತ್ತೆ. ಓದದೇ ಹೌದು ಅಂತ ಒತ್ತೋದೇ ಅಭ್ಯಾಸ.” ಅವರು ಕೀಲಿಮಣೆಯಿಂದ ಕೈ ತೆಗೆದರು. “ನಾನೇ ಒತ್ತಿದ್ದೀನಿ.”

ಕಾನ್‌ಸ್ಟೇಬಲ್ ಹಮ್ಮಾದಿ ನವೆಂಬರ್ ೪ರ ಪತ್ರ ಯಾವ ಯಂತ್ರದಿಂದ ಬಂತೆಂದು ತೋರಿಸುವ ಮೇಲ್ಸಾಲುಗಳನ್ನು ನಕಲು ಮಾಡಿಕೊಂಡ. ಅದು ಪಕ್ಕದ ಕೋಣೆಯ ಯಂತ್ರದಿಂದ ಹೊರಟಿತ್ತು.

“ಮಾಂಟ್ರಿಯಲ್ ಈ ಗೋಡೆ ಆಚೆನೇ ಇದೆ, ಸೀದಿ,” ಎಂದು ಸಾಹೇಬರಿಗೆ ಹೇಳಿದ. ರಗ್ರಾಗಿ ಪಕ್ಕದ ಕೋಣೆಗೆ ನಡೆದರು.

ಆ ಕೋಣೆಯಲ್ಲಿದ್ದವನು ಹನ್ನೊಂದು ವರ್ಷಗಳಿಂದ ವಿಭಾಗದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಬೂಶ್ತಾ.

“ಪುಸ್ತಕ ಜೋಡಿಸಿಕೊಟ್ಟಿದ್ದು ಯಾರು?”

“ನಾನೇ. ಆ ಹೊಸ ವಿಳಾಸವೂ ನಂದೇ.”

“ತಮ್ಮನ ನಿಜವಾದ ಪತ್ರಗಳು?”

“ಅವ್ರಿಗೆ ಸಿಗದ ಹಾಗೆ ಬೇರೆ ಕಡೆ ತಿರುಗಿಸಿದ್ದೆ. ಅಳಿಸಿಲ್ಲ.”

“ಅವಕ್ಕೆ ಉತ್ತರ?”

“ಲಲ್ಲಾ ಹೆಸರಲ್ಲಿ ನಾನೇ ಬರೀತಿದ್ದೆ. ಪರೀಕ್ಷೆ ಇದೆ, ಆಮೇಲೆ ಬರ್ತೀನಿ ಅಂತ.”

“ಸತ್ತಿದ್ದು ಗೊತ್ತಿರ್ಲಿಲ್ವಾ?”

“ಪತ್ರ ನಿಂತ್ಹೋಯ್ತು. ಆಸ್ಪತ್ರೇಲಿರಬಹುದು ಅಂದ್ಕೊಂಡೆ.”

ಮಧ್ಯಾಹ್ನ ೧.೪೦ಕ್ಕೆ ಬಂಧನ. ಹೇಳಿಕೆ ಒಂದೇ ಪುಟ. ಆ ಕಟ್ಟಡದಲ್ಲಿ ಬೂಶ್ತಾನನ್ನು ಹೆಸರು ಹಿಡಿದು ಕರೆದು, ದಿನವೂ ನಾಲ್ಕು ಗಂಟೆಗೆ ಜೊತೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದವರು ಝುಹೂರ್ ಒಬ್ಬರೇ. ಬಂದು ಇಲ್ಲೇ ಇದ್ದುಬಿಡು ಎಂದು ಇದ್ರೀಸ್ ಅಕ್ಕನಿಗೆ ಬರೆದದ್ದನ್ನು ಅವನು ಕದ್ದು ಓದಿದ್ದ. ಹೋದರೆ ತಿರುಗಿ ಬರುವುದಿಲ್ಲವೆಂದು ಹೆದರಿದ. ಒಂದು ಚಳಿಗಾಲ ತಡೆದರೆ ಸಾಕು ಅಂದುಕೊಂಡ. ಆ ಹೇಳಿಕೆ ಓದಿದರೆ ಮರುಕ ಹುಟ್ಟುತ್ತದೆ, ಹುಟ್ಟಿತಲ್ಲ ಎಂದು ಸಿಟ್ಟೂ ಬರುತ್ತದೆ.

ತಿರುಗಿಸಿಟ್ಟಿದ್ದ ಪತ್ರಗಳು ಹದಿನೇಳು. ರಗ್ರಾಗಿ ಅವುಗಳ ಪ್ರತಿ ತೆಗೆಸಿಕೊಟ್ಟು ಕುರ್ಚಿ ಎಳೆದರು. ಝುಹೂರ್ ಕೂರಲಿಲ್ಲ. ಜನವರಿ ೨೯ರ ಕೊನೆಯ ಪತ್ರವನ್ನೇ ಮೊದಲು ತೆಗೆದು, ನಿಂತುಕೊಂಡೇ ಓದಿದರು.

“ಪರೀಕ್ಷೆ ಮುಗಿಸಿಕೊಂಡೇ ಬಾ ಅಕ್ಕಾ. ಅಲ್ಲೀವರೆಗೂ ಇರ್ತೀನಿ.”